ಒಂದು ಮಾರು ನೂಲು

ಅಂಕಿಗಳನ್ನು ಮೊದಲು ಹೊಡೆದುಹಾಕಿದೆ.
ದಿನಕ್ಕೆ ಮೂರು ಮಂತ್ರ, ಮಲಗಿ ಎದ್ದರೆ ಮತ್ತೆ ಮೂರು,
ಪಡಿತರದ ಸಕ್ಕರೆಯ ಹಾಗೆ.
ಇದೆಂಥ ಮಾಟ?
ನಿದ್ದೆಯಲ್ಲೇ ತುಂಬಿಕೊಳ್ಳುವ ಕೊಡ,
ಯಾರಿಗೂ ನೋಯದ ಖರ್ಚು.

ವೂಚ್ ಎಂಬ ಈ ಊರಿನ ಹೆಸರಿಗೆ ದೋಣಿ ಎಂದರ್ಥ,
ಹೊಳೆಗಳು ಮಾತ್ರ ರಸ್ತೆಯಡಿಯ ಕೊಳವೆಯಲ್ಲಿ.
ನವೆಂಬರ್. ನಾಲ್ಕು ಗಂಟೆಗೇ ಕತ್ತಲು.
ಎದುರಿನ ಕೆಂಪಿಟ್ಟಿಗೆಯ ಗಿರಣಿಯೊಳಗೆ ಈಗ
ಕಾಫಿ ಅಂಗಡಿ, ಚಪ್ಪಲಿ ಅಂಗಡಿ.
ಅದರ ಚಿಮಣಿ ಕಾಣುವ ಅಡುಗೆಮನೆಯಲ್ಲಿ ಕೂತು
ಆಟಕ್ಕೆ ಹೊಸ ಕಾನೂನು ಬರೆದೆ:

ಪ್ರತಿ ಮಾಟಗಾರನಿಗೂ ಒಂದು ಮಾರು ಕೆಂಪು ನೂಲು.
ದೀಪ ಹತ್ತಲು ಒಂದು ಬೆರಳು.
ಬಾಗಿಲು ಬಾಯಿಬಿಡಬೇಕೆ? ಗೇಣು.
ಸತ್ತವನ ಕಣ್ಣು ತೆರೆಸಲು ಮೊಳವೂ ಸಾಲದು;
ಆದರೂ, ಮೊಳ.
ಅಳೆ, ಕತ್ತರಿಸು, ನಡುಮೇಜಿನ ಬಟ್ಟಲಿಗೆ ಹಾಕು.
ಮುಗಿದರೆ ಮುಗಿಯಿತು.
ಹಾಸಿಗೆ ಇದ್ದಷ್ಟೇ ಕಾಲು.

ಮೊದಲ ಶನಿವಾರವೇ ಜೆಮೊವಿತ್ ಎರಡೂ ತೋಳು ಚಾಚಿದ.
ಟ್ರಾಮ್ ಓಡಿಸುವವನು, ತಲೆ ಬಗ್ಗಿಸದೆ ನನ್ನ ಬಾಗಿಲು ದಾಟದವನು;
ಅವನ ಮಾರು ಒಲೆಯಿಂದ ಕಿಟಕಿಯವರೆಗೆ.
ಬೋಗ್ನಾಳ ತಮ್ಮ ಕೈತೆಕ್, ಒಂಬತ್ತು ವರ್ಷ,
ತನ್ನ ತುಂಡು ನೋಡಿಕೊಂಡು ಮೂತಿ ಊದಿಸಿದ.
‘ನಿನ್ನ ಗೇಣೂ ಚಿಕ್ಕದಲ್ಲವೇನೋ, ಅಳೆದು ನೋಡು’ ಎಂದೆ.
ಅಳೆದ. ಎರಡು ಸಲ.
ಟ್ರಾಮಿನವನಿಗೂ ಎಂಟು ಗೇಣು, ಅವನಿಗೂ ಎಂಟು.
ಇಷ್ಟು ನ್ಯಾಯ ನನಗೇ ಗೊತ್ತಿರಲಿಲ್ಲ,
ಗೊತ್ತಿದ್ದವಳ ಹಾಗೆ ತಲೆಯಾಡಿಸಿದೆ.

ಹತ್ತೂವರೆಗೆ ಕೆಳಮನೆಯ ಹಾಲ್ಷ್ಕಾ ಬಂದರು ಬೈಯಲು.
ನಮ್ಮ ನೆಲವನ್ನು ಕೆಳಗಿನಿಂದ ಕುಟ್ಟಿ ಸಾಕಾದ ಪೊರಕೆ
ಇನ್ನೂ ಕೈಯಲ್ಲೇ ಇತ್ತು.
ಆ ಗಿರಣಿಯಲ್ಲಿ ಮೂವತ್ತೊಂದು ವರ್ಷ
ಮಗ್ಗಗಳ ನಡುವೆ ಓಡಾಡಿ
ಅರ್ಧ ಕಿವಿ ಅಲ್ಲೇ ಬಿಟ್ಟುಬಂದ ಹೆಂಗಸು,
ಆದರೂ ನಮ್ಮ ಗಲಾಟೆ ಕೇಳಿಸಿತಂತೆ.
ಬಟ್ಟಲು ನೋಡಿದರು.
‘ಇದೇನು, ನೂಲೆಲ್ಲ ಹೀಗೆ?’
‘ಖರ್ಚಾದ ಮಾಟ’ ಎಂದ ಕೈತೆಕ್.
‘ಖರ್ಚೇ!’

ಪೊರಕೆ ಗೋಡೆಗೊರಗಿತು.
ಎರಡು ತುದಿ ಹಿಡಿದರು, ಹೆಬ್ಬೆರಳು ಒಮ್ಮೆ ಹೊರಳಿತು,
ಗಂಟು.
ಎಳ್ಳಿಗಿಂತ ಸಣ್ಣದು, ಎಳೆದಷ್ಟೂ ಬಿಗಿ.
ಕಣ್ಣು ಬೇಕಾಗಲಿಲ್ಲ ಅವರಿಗೆ,
ಬೋಗ್ನಾಳ ಹಲ್ಲಿನ ಡಾಕ್ಟರಿಕೆ ಓದು ಎಲ್ಲಿಗೆ ಬಂತೆಂದು
ವಿಚಾರಿಸುತ್ತಲೇ ಬಟ್ಟಲು ಬರಿದು ಮಾಡಿದರು.
ಹುಡುಗನ ಮಡಿಲಿಗೆ ಹದಿನಾರು ಗೇಣು.
ಅವನು ಸತ್ತ ಕುದುರೆಯನ್ನು ಎಬ್ಬಿಸಿದ,
ಕಮರಿಗೆ ಸೇತುವೆ ಹಾಕಿದ,
ಮೂರು ತಿಂಗಳು ನಾನು ಬೆಂಕಿಯುಣಿಸಿ ಸಾಕಿದ ಘಟಸರ್ಪವನ್ನು
ಬೆಕ್ಕು ಮಾಡಿ ತೊಡೆಯ ಮೇಲೆ ಕೂರಿಸಿಕೊಂಡ.

ನನ್ನ ಕಾನೂನು ಹರಿದೇಹೋಯಿತು.
ಗಂಟು ಹಾಕಬಾರದು ಎಂದು ಬರೆಯಲು ಪೆನ್ನೆತ್ತಿದೆ.
‘ಬರಿ, ಬರಿ’ ಎಂದರು.
‘ಎಳೆ ಹರಿಯದ ಬಟ್ಟೆ ನಾನಂತೂ ನೇಯ್ದಿಲ್ಲ.
ಗಂಟೆಲ್ಲ ಒಳಬದಿಗೆ ಹೋಗುತ್ತೆ.
ನಿನ್ನ ಕೋಟಿನಲ್ಲೂ ಇದೆ, ತಡವಿ ನೋಡು.’

ತಡವಿದೆ.
ಅಸ್ತರಿನ ಅಂಚು, ಎಡ ತೋಳಿನ ಹತ್ತಿರ,
ಯಾರದೋ ಹೆಬ್ಬೆರಳು.

ಆಮೇಲೆ ಬರೆದದ್ದು ಇಷ್ಟು:
ಅಳೆದ ನೂಲಿನಲ್ಲಿ ಗಂಟು ಸಿಕ್ಕರೆ ಮಾಟ ನಡೆಯುತ್ತದೆ,
ಆದರೆ ಎಡವಿ ನಡೆಯುತ್ತದೆ.
ಎಲ್ಲಿ ಎಡವಿತೆಂದು ಹೇಳಬೇಕಾದವರು
ಗಂಟಿನಾಚೆಯ ತುಂಡು ಮೊದಲು ಯಾರದೋ ಅವರು.

ಹಾಗಾಗಿ ಜೆಮೊವಿತ್ ಕರೆದ ಬಿರುಗಾಳಿಗೆ
ಕೈತೆಕ್ ಬೇಯಿಸಿದ ಎಲೆಕೋಸಿನ ವಾಸನೆ ಕೊಟ್ಟ.
ಶತ್ರುಗಳು ಊಟದ ನೆನಪಾಗಿ ಮನೆಗೆ ಹೋದರು.
ನಕ್ಕೂ ನಕ್ಕೂ ಬೋಗ್ನಾ ದಾಳವನ್ನು ಒಲೆಯಡಿಗೆ ಬೀಳಿಸಿದಳು.

ಒಂದು ಕಲಮು ಬಾಕಿಯಿತ್ತು.
ಗಂಟಿಗೆ ಬೆಲೆಯೆಷ್ಟು, ಹಾಲ್ಷ್ಕಾರನ್ನೇ ಕೇಳಿದೆ.
ಪೊರಕೆ ಎತ್ತಿಕೊಳ್ಳುತ್ತಾ ಯೋಚಿಸಿದರು:
‘ಒಂದು ಲೋಟ ಚಹಾ, ಎರಡು ಸಕ್ಕರೆ.
ಹನ್ನೊಂದಕ್ಕೆ ಬಾಯಿ ಮುಚ್ಚಬೇಕು.’

ಹಾಗೇ ಬರೆದಿದ್ದೇನೆ.