ಒಪ್ಪಿಗೆ ಚಿಕ್ಕದಿರುತ್ತದೆ

ಜುಗ್ದಿದಿಯಿಂದ ಮೆಸ್ತಿಯಾಕ್ಕೆ ಹೊರಟ ಬಾಡಿಗೆ ವ್ಯಾನಿನಲ್ಲಿ
ಹದಿನೇಳು ಜನ, ಒಂದು ಬಾಗಿಲು, ಎರಡು ಬುಟ್ಟಿ ಚೀಸು.
ಬುಟ್ಟಿಯ ಒಡತಿ ನಾಜಿಬ್ರೋಲ, ಜ್ವಾರಿ ದಾಟಿದ ಮೇಲೆ,
ಒಳಜೇಬಿನಿಂದ ಫೋನು ತೆಗೆದು
ಬಿಸಿ ಪಾತ್ರೆಯ ಹಾಗೆ ಎರಡು ಬೆರಳಲ್ಲಿ ಹಿಡಿದು
ಪಕ್ಕದವನಿಗೆ ತೋರಿಸಿದಳು:
“ಮೂರು ದಿನವಾಯಿತು. ಇದು ನನ್ನ ಜೊತೆ ಮಾತು ಬಿಟ್ಟಿದೆ.”

ಮುರ್ತಾಜ್ ಲಾರಿ ಓಡಿಸುವವನು.
ಮೊದಲ ಮದ್ದು ಎಲ್ಲರಿಗೂ ಗೊತ್ತಿದ್ದದ್ದೇ:
ಆರಿಸಿದ, ಇಪ್ಪತ್ತು ಎಣಿಸಿದ, ಮತ್ತೆ ಹೊತ್ತಿಸಿದ.
ಬೆಳಗಿತು ಪರದೆ. ಅವೇ ಅಕ್ಷರ.
ಗುಂಡು ಗುಂಡಗೆ, ತಲೆಗೊಂದು ಕಟ್ಟು,
ಕೆಲವು ಕಾಲಡಿಯಲ್ಲಿ ಮರಿ ಹಾಕಿಕೊಂಡು ಕೂತಿದ್ದವು.

“ಅರ್ಮೇನಿಯದ್ದು” ಅಂದಿತು ಹಿಂದಿನ ಸೀಟು.
“ಬರ್ಮಾದ್ದು” ಅಂದ ಹಡಗಿನಲ್ಲಿ ದುಡಿದು ಬಂದ ಜೋಕಿಯಾ.
ತ್ಸಿಯುರಿ ಅಜ್ಜಿ ಕನ್ನಡಕ ಏರಿಸಿ ನೋಡಿ
“ನಮ್ಮವೇ ಅಕ್ಷರ. ಬರೆದವನು ಕುಡಿದಿದ್ದ” ಎಂದಳು.

ಓದುಗ, ನೀನಿದ್ದಿದ್ದರೆ ಅರ್ಧ ನಿಮಿಷದ ಕೆಲಸ.
ನೀನಿರಲಿಲ್ಲ.

ಇದ್ದದ್ದು ಹನ್ನೊಂದು ಫೋನು, ಒಂದೊಂದು ಒಂದೊಂದು ಕಂಪನಿಯದು,
ಮತ್ತೆ ಲೀಜಿ, ಒಂಬತ್ತನೇ ತರಗತಿ.
ತನ್ನದನ್ನು ಪಕ್ಕಕ್ಕಿಟ್ಟು ತಾಳೆ ನೋಡುತ್ತ
ಹಲ್ಲುಚಕ್ರದ ಚಿತ್ರ ಹುಡುಕುವಾಗ ಟಾರ್ಚು ಹೊತ್ತಿಕೊಂಡಿತು.
ಇರಲಿ ಬಿಡು ಎಂದರು.
ಕೆಳಗಿನಿಂದ ಮೂರನೆಯ ಸಾಲು ಒತ್ತಿದಳು.
ಅಕ್ಷರಗಳು ಉಬ್ಬಿದವು, ಒಂದೊಂದೂ ಹೆಬ್ಬೆರಳಷ್ಟು.
ಈಗ ಡ್ರೈವರನಿಗೂ ಕಂಡವು. ತಿರುಗಿ ಅವನೂ ಸಲಹೆ ಕೊಟ್ಟ,
ಕೆಳಗೆ ಅಣೆಕಟ್ಟಿನ ನೀಲಿ ನೀರು.
“ರಸ್ತೆ ನೋಡು!”
ವ್ಯಾನಿಗೆ ವ್ಯಾನೇ ಕೂಗಿತು, ತಪ್ಪಿಲ್ಲದ ಒಂದೇ ಭಾಷೆಯಲ್ಲಿ.

“ಕರೆ ಮಾಡಿದಾಗಲೆಲ್ಲ ಒಂದು ಪೆಟ್ಟಿಗೆ ಎದ್ದು ಬರುತ್ತದೆ,
ಅದರಲ್ಲೆರಡು ಗುಂಡಿ, ಒಂದು ಗಿಡ್ಡ ಒಂದು ಉದ್ದ.
ಉದ್ದದ್ದೇ ಮರ್ಯಾದೆಯದಿರಬೇಕೆಂದು
ಅದನ್ನೇ ಒತ್ತುತ್ತ ಬಂದೆ.”
ಒತ್ತಿ ತೋರಿಸಲು ಮತ್ತೆ ಕರೆ ಮಾಡಿದಳು. ಬಂತು ಪೆಟ್ಟಿಗೆ:
ಸರಿ. ರದ್ದುಮಾಡಿ.

ಮುರ್ತಾಜ್ ಗಲ್ಲ ಕೆರೆದ.
ಹದಿನಾರು ವರ್ಷ ಗಡಿಠಾಣೆಗಳಲ್ಲಿ ಕಾದವನು.
“ಅಕ್ಕ, ಯಾವ ದೇಶದಲ್ಲೂ ಒಪ್ಪಿಗೆ ಚಿಕ್ಕದಿರುತ್ತದೆ.
ಇಲ್ಲ ಎನ್ನುವವರೇ ಎಳೆದು ಎಳೆದು ಹೇಳುವುದು.
ಗಿಡ್ಡದ್ದು ಒತ್ತು.”

ಒತ್ತಿದಳು. ಆ ಕಡೆ ಗಂಟೆ.
“ಎಲ್ಲಿ ಸತ್ತಿದ್ದೆ?” ಎಂದಿತು ಮೆಸ್ತಿಯಾದ ಒಂದು ಅಡುಗೆಮನೆ,
ಮೂರು ದಿನದ ಸಿಟ್ಟು ಒಟ್ಟಿಗೇ ಸ್ಪೀಕರಿನಲ್ಲಿ,
ಹಿಂದೆ ಬಾಣಲೆಯ ಚುರ್ ಚುರ್.
ಉತ್ತರ ಹೇಳುವಷ್ಟರಲ್ಲಿ ಬೆಟ್ಟ ಅಡ್ಡ ಬಂದು ಸಿಗ್ನಲ್ ಹೋಯಿತು.
ಬೈಸಿಕೊಂಡವಳ ಮುಖ ನೋಡಬೇಕಿತ್ತು, ಹಬ್ಬ.

ಭಾಷೆ ಸಿಕ್ಕಿದ್ದು ಖೈಶಿಯಲ್ಲಿ, ಚಹಾಕ್ಕೆ ನಿಂತಾಗ.
ಪುಟ್ಟ ಭೂಗೋಲದ ಪಕ್ಕದ ಸಾಲು, ಲೀಜಿಗೆ ಹೊಳೆಯಿತು.
ತೆರೆದರೆ ಲೋಕದ ಲಿಪಿಗಳೆಲ್ಲ
ತಂತಮ್ಮ ಉಡುಪಿನಲ್ಲಿ ಸಾಲು ನಿಂತಿವೆ.
ಬೆರಳು ಜಾರಿತು, ಜಾರಿತು,
“ನಿಲ್ಲು!” ಎಂದಳು ತ್ಸಿಯುರಿ ಅಜ್ಜಿ,
ಸಂತೆಯ ನೂಕಿನಲ್ಲಿ ತಂಗಿಯ ಜಡೆ ಕಂಡ ಹಾಗೆ.

ಪೆಟ್ಟಿಗೆ ಈಗ ಮನೆಮಾತಿನಲ್ಲಿ ಬಂತು:
ಈ ಕರೆಗೆ ಹಣ ತಗಲಬಹುದು, ಮುಂದುವರಿಯಲೇ?
“ಇಷ್ಟೇನಾ,” ಎಂದಳು ನಾಜಿಬ್ರೋಲ,
ಸ್ವಲ್ಪ ನಿರಾಸೆಯಿಂದಲೇ.
ಚೀಸು ಮುರಿದು ಹಂಚಿದಳು. ಡ್ರೈವರನಿಗೆ ತುಸು ಕಡಿಮೆ.

ಮಂಜು ಕವಿದ ಕಿಟಕಿಯ ಮೇಲೆ ಲೀಜಿ
ನೆನಪಿನಿಂದ ಆ ಗಿಡ್ಡ ಪದ ಗೀಚಿದಳು,
ಗುಡಿಸು ಮರೆತು.
ಸರ ಎಂದಿತ್ತು. ಯಾರಿಗೂ ತಪ್ಪು ಕಾಣಲಿಲ್ಲ.

ಬೆಚೋ ತಿರುವಿನಲ್ಲಿ ಇಬ್ಬರು ಇಳಿದರು.
ಬುಟ್ಟಿಯ ಬಟ್ಟೆಯೊಳಗಿಂದ
ಟಾರ್ಚು ಇನ್ನೂ ಉರಿಯುತ್ತಿತ್ತು.