ತೊಗರಿ ಡಬ್ಬಿಯೊಳಗಿನ ವಾಲ್ವು

ಮೂರು ಜೋಡಿ ಇದ್ದವು ನನ್ನ ಹತ್ತಿರ.
ಒಡೆಯಬಾರದೆಂದು ಬೇಳೆ ಡಬ್ಬಿಯಲ್ಲಿ ಹುಗಿದಿಟ್ಟಿದ್ದೆ.
ಸಾರಿಗೆಂದು ಕೈಹಾಕಿದ ನೀಲಗಂಗಾ
ಗಾಜಿನ ಮೂತಿಯೊಂದನ್ನು ಹಿಡಿದು ಹೊರಗೆಳೆದು
"ಇದು ಎಷ್ಟು ಸೀಟಿಗಿ ಬೇಯ್ತದರಿ?" ಅಂದಳು.

ಮೊದಲನೆಯದು ಜರ್ಮನಿಯದು.
ಯಾಕೂಬ್ ಚಾಚಾ ಅತ್ತರಿನ ಶೀಸೆಯಂತೆ
ಹತ್ತಿಯಲ್ಲಿ ಸುತ್ತಿ ಕೊಟ್ಟಿದ್ದ:
"ಖಾಂದಾನಿ ಮಾಲು ಅದ, ಜರಾ ಸಂಭಾಳಸು."
ದಾಲ್ ಮಿಲ್ಲಿನ ತಕ್ಕಡಿ ಮುಂದೆ ನಿಂತು ಗಳಿಸಿದ
ಅರ್ಧ ಪಗಾರ ಅಲ್ಲಿಗೆ ಹೋಯಿತು.

ಎರಡನೆಯದು ರಷ್ಯದ್ದು, ಮಿಲಿಟರಿ ಗುಜರಿ.
ಗಾಜು ದಪ್ಪ, ಮೈಮೇಲೆ ನನಗೆ ಓದಲು ಬಾರದ ಅಕ್ಷರ.

ಮೂರನೆಯದು ನಮ್ಮ ಬೆಂಗಳೂರಿನದೇ.
ನೆಹರು ಗಂಜಿನ ಅಡತಿ ಅಂಗಡಿಯಲ್ಲಿ
ಸತ್ತು ಕೂತಿದ್ದ ರೇಡಿಯೋದ ಹೊಟ್ಟೆಯಿಂದ ತೆಗೆದದ್ದು.
ಅಚ್ಚು ಅಳಿಸಿ ಒಂದು 'ಎಲ್', ಒಂದು 'ಎಂಟು' ಉಳಿದಿತ್ತು.
ಬೆರಳಿನಿಂದ ತಟ್ಟಿದರೆ ಸ್ಪೀಕರಿನಲ್ಲಿ ಟಿಣ್ ಅನ್ನುತ್ತಿತ್ತು,
ದೂರದ ಮನೆಯಲ್ಲಿ ಯಾರೋ ಬಟ್ಟಲು ಬೀಳಿಸಿದ ಹಾಗೆ.
ನೆತ್ತಿಯ ಬೆಳ್ಳಿ ಮಾತ್ರ ಇನ್ನೂ ಮಿಂಚುತ್ತಿತ್ತು.
ಅದು ಬಿಳಿಚಿದರೆ ಒಳಗೆ ಗಾಳಿ ಹೊಕ್ಕಿದೆ,
ಕಥೆ ಮುಗಿಯಿತು ಅಂತ.

ಮೇ ತಿಂಗಳು. ಬ್ರಹ್ಮಪುರದ ಗಲ್ಲಿ.
ರಾತ್ರಿ ಒಂಬತ್ತಾದರೂ ಶಹಾಬಾದಿ ಹಾಸುಗಲ್ಲು
ಅಂಗಾಲನ್ನು ಹೆಂಚಿನ ಮೇಲಿನ ರೊಟ್ಟಿಯೆಂದೇ ತಿಳಿದಿತ್ತು.
"ಹೊರಗಿನ ಸೂರ್ಯ ಸಾಲಲಿಲ್ಲೇನು," ಅಂದಳು,
"ಮನಿಯೊಳಗ ಮತ್ತ ನಾಕು ಹಚ್ಚೀರಿ?"

ಯಾವುದು ನನ್ನದು ಎಂದು ತೀರ್ಮಾನವಾಗಬೇಕಿತ್ತು.
ಹಾಡು ಹಾಕಲಿಲ್ಲ. ಹಾಡನ್ನು ನಂಬಬಾರದು,
ಅದು ಕೆಟ್ಟ ವಾಲ್ವನ್ನೂ ಚಂದ ಮಾಡಿಬಿಡುತ್ತದೆ.
ಹಾಕಿದ್ದು, ಯಾವತ್ತೋ ಕ್ಯಾಸೆಟ್ಟಿಗೆ ಹಿಡಿದಿಟ್ಟಿದ್ದ
ರೇಡಿಯೋದ ಪೇಟೆಧಾರಣೆ:
ತೊಗರಿ, ಕಡಲೆ, ಹೆಸರು, ಬಿಳಿಜೋಳ, ಕನಿಷ್ಠ, ಗರಿಷ್ಠ.

ಗೋಡೆಗೆ ಮುಖ ಮಾಡಿ, ಕಣ್ಣಿಗೆ ಟವೆಲ್ಲು ಕಟ್ಟಿ ಕೂತೆ.
"ನೀ ಬದಲಿಸು. ಯಾವುದು ಹಾಕಿದಿ ಅಂತ ಹೇಳಬ್ಯಾಡ."
ಸ್ವಿಚ್ಚು ಆರುವ ಸದ್ದು. ಬಳೆಗಳ ಸದ್ದು. ಮತ್ತೆ ಸ್ವಿಚ್ಚು.
ಕಾಯುವಿಕೆ. ಬಿಸಿಯಾಗುವ ಧೂಳಿನ ವಾಸನೆ.
ತೊಡೆಯ ಮೇಲಿನ ನೋಟುಬುಕ್ಕಿನಲ್ಲಿ ಕುರುಡಾಗಿಯೇ ಗೀಚಿದೆ.

ಒಂದು: ತಿದ್ದಿ ತೀಡಿದ ದನಿ, ಈಗಷ್ಟೇ ದಾಡಿ ಮಾಡಿಕೊಂಡವನು.
ಎರಡು: ಎದೆ ದೊಡ್ಡದು, ಆದರೆ ಯಾರ ಮೇಲೋ ಸಿಟ್ಟಿದೆ.
ಮೂರು: ಇದೇ. 'ಬಿಳಿಜೋಳ' ಅನ್ನುವಾಗ ಆ 'ಳ'
ನಾಲಿಗೆಯ ಮೇಲೆ ಒಂದು ಗಳಿಗೆ ಕೂತು ಹೋಗುತ್ತದೆ.

ಟವೆಲ್ಲು ಬಿಚ್ಚಿ, ಗೆದ್ದವನ ಹಾಗೆ ತಿರುಗಿದೆ.
"ಮೂರನೇದು ಬೆಂಗಳೂರಿಂದು. ಹೌದಲ್ಲ?"

ಅವಳು ಬೀಸಣಿಗೆ ಆಡಿಸುತ್ತಿದ್ದಳು.
"ಮೂರೂ ಬೆಂಗಳೂರಿಂದೇ.
ಮೊದಲ ಏನು ಇತ್ತೋ ಅದೇ ಅದ. ಸುಡ್ಲತ್ತಿತ್ತು,
ನಾ ಕೈ ಹಚ್ಚಲೇ ಇಲ್ಲ."

ಹಳಿಯ ಕಡೆಯಿಂದ ಗೂಡ್ಸಿನ ಕೂಗು ಬಂತು.
ನಾನು ನೋಟುಬುಕ್ಕು ನೋಡಿದೆ.
ದಾಡಿ ಮಾಡಿಕೊಂಡವನು, ಸಿಟ್ಟಾದವನು, 'ಳ'ದವನು,
ಮೂವರೂ ನನ್ನದೇ ಕೈಬರಹದಲ್ಲಿ
ಒಬ್ಬರ ಮೇಲೊಬ್ಬರು ಬಿದ್ದಿದ್ದರು.
ಹಾಳೆ ಹರಿಯಲಿಲ್ಲ. ಯಾಕೆ ಅಂತ ಕೇಳಬೇಡಿ.
ಆಗ ಕೇಳಿಸಿದ್ದು ಖರೆ.

"ಮತ್ತ ನಿನಗ?" ಅಂದೆ, ಸೋತ ದನಿಯಲ್ಲಿ.
"ನನಗೇನ್ ತಿಳೀತದ," ಅಂದಳು,
ಬೀಸಣಿಗೆ ನಿಲ್ಲಿಸಿ ಒಂದಿಷ್ಟು ಕೇಳಿದಳು.
"ಪಾಪ, ಆ ಮನಷ್ಯಾ ಊಟ ಮಾಡಿ ಮಾತಾಡ್ಲತ್ತಾನ."

ಅಷ್ಟರಲ್ಲಿ ವೋಲ್ಟೇಜು ಇಳಿಯಿತು.
ಗಾಜಿನೊಳಗಿನ ಕೆಂಡ ಹುರಿದ ತೊಗರಿಯ ಬಣ್ಣಕ್ಕೆ ಬಂತು,
ಕ್ಯಾಸೆಟ್ಟು ನಿಧಾನವಾಗಿ, ಎಂದೋ ಮಾರಿಹೋದ ಕಾಳಿನ ದರವನ್ನು
ಆಕಳಿಸುತ್ತ ಹೇಳಿತು.

ಆ ಜೋಡಿಯನ್ನು ಇಂದಿಗೂ ತೆಗೆದಿಲ್ಲ.
ಮೊನ್ನೆ ಬೇಳೆ ಡಬ್ಬಿಯ ತಳ ಕಂಡಿತು.
ಜರ್ಮನಿ, ರಷ್ಯ ಅಕ್ಕಪಕ್ಕ ಮಲಗಿದ್ದವು, ಮೈಗೆಲ್ಲ ಬೇಳೆಯ ಹುಡಿ.
ನೀಲಗಂಗಾ ಎತ್ತಿ ಹೊರಗಿಡಲಿಲ್ಲ.
ಸೆರಗಿನ ತುದಿಯಿಂದ ಒಂದೊಂದನ್ನೂ ಒರೆಸಿ,
ಹೊಸ ಬೇಳೆಯನ್ನು ಮೇಲಿಂದ
ಮೆಲ್ಲಗೆ ಸುರಿದಳು.