ಗುರುವಾರದ ಸ್ನಾನ

ಯಾರ್ಕಿನ ಹಿರಿಯ ಚರ್ಚಿನ ಪಕ್ಕ
ಕಾಲು ಚಾಚಿ ಕೂತ ಕಂಚಿನ ದೊರೆಗೆ
ಗುರುವಾರ ಬೆಳಿಗ್ಗೆ ಸ್ನಾನ.
ಬಕೆಟ್ಟು, ಬ್ರಶ್ಶು, ಮಾರ್ಜರಿ ಥ್ಯಾಕ್ರೆಯ ಕೆಮ್ಮು.

ಈ ಊರಲ್ಲೇ ಸತ್ತದ್ದು ಇವನಪ್ಪ.
ಹೆಣದ ಬಿಸಿ ಆರುವ ಮುಂಚೆ ದಂಡು ಇವನ ಹೆಸರು ಕೂಗಿತು.
ಆಮೇಲೆ ಆಕಾಶದಲ್ಲಿ ಶಿಲುಬೆ ಕಂಡನಂತೆ.
ಕದ್ದು ಮುರಿಯುತ್ತಿದ್ದ ರೊಟ್ಟಿ
ಹಗಲು ಬೆಳಕಿಗೆ ಬಂತು,
ಬಿಷಪ್ಪರ ಜಗಳಕ್ಕೆ ಅರಮನೆಯೇ ಜಗಲಿಯಾಯಿತು.
ನಡುವೆ ಹೆತ್ತ ಮಗನನ್ನೂ ಕೊಲ್ಲಿಸಿದ.

ದೀಕ್ಷಾಸ್ನಾನದ ನೀರಿಗೆ ಮಾತ್ರ
ಬಾಗಿಲ ಮೇಲೆ ‘ನಾಳೆ ಬಾ’ ಬರೆಸಿದ;
ಸಾಯುವ ಹಾಸಿಗೆಯಲ್ಲಿ ಒಂದೇ ಸಲ
ಎಲ್ಲ ಬಾಕಿ ಚುಕ್ತಾ.

“ಜಾಣ ಕಣಯ್ಯ ನೀನು,” ಅನ್ನುತ್ತಾಳೆ ಮಾರ್ಜರಿ
ಕಿವಿಯ ಸಂದಿ ತಿಕ್ಕುತ್ತ.
ದೇವರ ವಿಷಯ ಅವಳಿಗೆ ಅಷ್ಟಕ್ಕಷ್ಟೆ.
ಬಕೆಟ್ಟು ಎತ್ತಿ ತಿರುಗುವಷ್ಟರಲ್ಲಿ
ಪಾರಿವಾಳ
ಅದೇ ಹೆಗಲಿಗೆ.